ಅಕ್ಕನ ಮನೆಯ ಸದ್ದು

ನಮ್ಮ ಆಫೀಸಿನಲ್ಲಿ ಕಿವಿಗೆ ಸಂಬಳ ಕೊಡುತ್ತಾರೆ ಎಂದರೆ ನನ್ನ ಅತ್ತೆ ಇವತ್ತಿಗೂ ನಂಬುವುದಿಲ್ಲ. "ಸುಮ್ನೆ ಕೂತು ಕೇಳಿಸ್ಕೊಳ್ಳೋಕೆ ಸಂಬಳಾನಾ? ಹಾಗಾದ್ರೆ ಇಷ್ಟು ವರ್ಷ ನಿನ್ನ ಮಾತು ಕೇಳಿಸ್ಕೊಂಡಿದ್ದಕ್ಕೆ ನಂಗೆಷ್ಟು ಬರ್ಬೇಕು?" ಎನ್ನುತ್ತಾರೆ. ಅನ್ನಲಿ ಬಿಡಿ. ನಾನು ಬಾಯಿಬಡುಕಿ ಎಂಬುದು ಊರಿಗೆಲ್ಲ ಗೊತ್ತಿರುವ ವಿಷಯ. ಆದರೆ ಈಗ ಹೇಳಹೊರಟಿರುವುದು ನನ್ನ ಬಾಯಿಯ ಕಥೆಯಲ್ಲ, ನನ್ನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬರ ಕಿವಿಯ ಕಥೆ.

ನಮ್ಮದು ಮೊಬೈಲ್ ಫೋನಿನಲ್ಲಿ ಮಾತು ಹೇಗೆ ಸಾಗಬೇಕು ಎಂದು ಪ್ರೋಗ್ರಾಂ ಬರೆಯುವ ಸಣ್ಣ ಕಂಪನಿ. ಹಳೆಯ ಕಟ್ಟಡವೊಂದರ ಮೂರನೇ ಮಹಡಿ. ಕೆಳಗೆ ಟೈರ್ ಅಂಗಡಿ, ನಡುವೆ ಒಬ್ಬ ಹಲ್ಲಿನ ಡಾಕ್ಟರು, ಮೇಲೆ ನಾವು. ಗಾಳಿಯಲ್ಲಿ ಜಾಗ ಕಮ್ಮಿ, ಫೋನು ಹಿಡಿದವರು ಜಾಸ್ತಿ. ಒಬ್ಬೊಬ್ಬರ ಮಾತನ್ನೂ ಎಷ್ಟು ಹಿಂಡಿ ಚಿಕ್ಕದು ಮಾಡಿ ಕಳಿಸಿದರೆ ಪಕ್ಕದವರಿಗೆ ಜಾಗ ಉಳಿಯುತ್ತದೆ ಎನ್ನುವುದೇ ನಮ್ಮ ಹೊಟ್ಟೆಪಾಡು. ಹಿಂಡಿದ್ದು ಹೆಚ್ಚಾದರೆ ಮಾತು ತಗಡಿನ ಡಬ್ಬದೊಳಗಿಂದ ಬಂದ ಹಾಗೆ ಕೇಳುತ್ತದೆ. ಹೆಚ್ಚಾಯಿತೋ ಇಲ್ಲವೋ ಎಂದು ಯಂತ್ರವನ್ನು ಕೇಳಿದರೆ ಅದೊಂದು ಅಂಕಿ ಉಗುಳುತ್ತದೆ. ಆದರೆ ಫೋನಿಗೆ ಕಿವಿ ಕೊಡುವುದು ಯಂತ್ರವಲ್ಲವಲ್ಲ, ಮನುಷ್ಯರು. ಹಾಗಾಗಿ ಮನುಷ್ಯರದೇ ಕಿವಿ ಬೇಕು, ಅದಕ್ಕೊಬ್ಬರನ್ನು ಇಟ್ಟುಕೊಂಡಿದ್ದರು.

ಮ್ಯಾನೇಜರಿಂದ ಹಿಡಿದು ನೆಲ ಒರೆಸುವಾಕೆಯವರೆಗೆ ಎಲ್ಲರಿಗೂ ಅವರು ಕಿವಿಯಣ್ಣ. ಐವತ್ತರ ಆಸುಪಾಸು, ತೆಳ್ಳನೆಯ ಮೈ, ಯಾವಾಗಲೂ ಸದ್ದು ಮಾಡದ ರಬ್ಬರಿನ ಚಪ್ಪಲಿ. ರಸ್ತೆಯಲ್ಲಿ ನಡೆಯುವಾಗ ಕಿವಿಗೆ ಹತ್ತಿ. ಹಾರ್ನು, ಡ್ರಿಲ್ಲು, ಲೌಡ್‌ಸ್ಪೀಕರು ಯಾವುದೂ ಆ ಕಿವಿಗೆ ಬೀಳಬಾರದು. ಬಿದ್ದರೆ ಮಾರನೆಯ ದಿನದ ಪರೀಕ್ಷೆ ಕೆಡುತ್ತದೆ ಎಂದು ಭಯ. ಮದುವೆಗೆ ಹೋಗುವುದಿಲ್ಲ, ಸಿನಿಮಾಕ್ಕೆ ಹೋಗುವುದಿಲ್ಲ, ಜನ ಸೇರಿ ನಗುವ ಕಡೆ ನಿಲ್ಲುವುದಿಲ್ಲ. ಪ್ರಾಯದಲ್ಲಿ ಒಂದು ಸಂಬಂಧ ಕೂಡಿಬಂದಿತ್ತಂತೆ. ಹುಡುಗಿಯ ಅಪ್ಪ ದಾರಿಯಲ್ಲಿ ಎದುರಾಗಿ ಎರಡು ಸಲ ಕೂಗಿದರೂ ಇವರು ತಿರುಗಿ ನೋಡಲಿಲ್ಲ. ಹುಡುಗ ಕಿವುಡ, ಮುಚ್ಚಿಟ್ಟಿದ್ದಾರೆ ಎಂದು ಆ ಮನೆಯವರು ಜಾಗ ಖಾಲಿ ಮಾಡಿದರು. ಇದನ್ನು ಅವರೇ ಹೇಳಿದಾಗ ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವರೂ ನಕ್ಕರು, ಆದರೆ ಬೇಗ ನಿಲ್ಲಿಸಿದರು.

ನಮ್ಮ ಕೇಳುವ ಕೋಣೆ ಒಂದು ದೊಡ್ಡ ಫ್ರಿಜ್ಜಿನ ಹಾಗಿದೆ. ಬಾಗಿಲು ಅಷ್ಟು ದಪ್ಪ. ಗೋಡೆ, ಸೂರು ಎಲ್ಲಕ್ಕೂ ಮೊನಚು ಮೊನಚಾದ ಬೂದು ಸ್ಪಂಜು. ಒಳಗೆ ಕೂತು ಬಾಗಿಲು ಹಾಕಿಕೊಂಡರೆ ನಿಮ್ಮ ಹೊಟ್ಟೆಯ ಗುಡುಗುಡು ನಿಮಗೇ ಕೇಳುತ್ತದೆ. ನನಗಂತೂ ಅಲ್ಲಿ ಸ್ವಲ್ಪ ಹೊತ್ತು ಕೂತರೆ ಯಾರೋ ಕತ್ತು ಹಿಸುಕಿದ ಹಾಗಾಗುತ್ತದೆ. ಕಿವಿಯಣ್ಣ ಇಡೀ ದಿನ ಅಲ್ಲೇ ಇರುತ್ತಿದ್ದರು. ಒಂದು ಗಾಜಿನ ಕಿಟಕಿ, ಅದರ ಈಚೆ ನನ್ನ ಮೇಜು. ನಾನು ಈಚೆಯಿಂದ ಒಂದೊಂದೇ ವಾಕ್ಯ ಬಿಡುತ್ತೇನೆ, ಅವರು ಹೆಡ್‌ಫೋನಿನಲ್ಲಿ ಕೇಳಿ ಒಂದರಿಂದ ಐದರವರೆಗಿನ ಯಾವುದೋ ಗುಂಡಿ ಒತ್ತುತ್ತಾರೆ, ತೀರಾ ಕೆಟ್ಟದಕ್ಕೆ ಒಂದು, ತುಂಬಾ ಚೆನ್ನಾಗಿದ್ದರೆ ಐದು. ಆ ವಾಕ್ಯಗಳೋ, ದೇವರಿಗೇ ಪ್ರೀತಿ. "ಕಿಟಕಿಯ ಪಕ್ಕ ಹಸಿರು ಕುರ್ಚಿ ಇದೆ." "ನಾಳೆ ಬೆಳಿಗ್ಗೆ ಬಾಗಿಲು ತೆಗೆಯುತ್ತಾರೆ." ಯಾರೂ ಯಾರಿಗೂ ಹೇಳದ ಮಾತುಗಳು. ವರ್ಷಗಟ್ಟಲೆ ಅವನ್ನೇ ಕೇಳಿಸಿಕೊಂಡ ಮನುಷ್ಯನಿಗೆ ಸಂಜೆ ಯಾರಾದರೂ "ಊಟ ಆಯ್ತಾ?" ಎಂದರೆ ಥಟ್ಟನೆ ಉತ್ತರ ಹೊಳೆಯುತ್ತಿರಲಿಲ್ಲ.

ಮುಚ್ಚಿಹೋದ ಒಂದು ಗೋದಾಮಿನ ಹಿಂದೆ ಅವರ ಬಾಡಿಗೆ ಕೋಣೆ. ಗಾಡಿ ಬರದ ಗಲ್ಲಿ ಎಂದು ಹುಡುಕಿ ಹಿಡಿದದ್ದು. ಒಂದು ಸಲ ಜ್ವರ ಎಂದು ಮಲಗಿದ್ದಾಗ ಮಾತ್ರೆ ಕೊಡಲು ನಾನು ಹೋಗಿದ್ದೆ. ಒಂದು ಮಂಚ, ಒಂದು ಸ್ಟೋವು, ಗೋಡೆಗೆ ಒಂದು ಕನ್ನಡಿ. ಗಡಿಯಾರ ಕೂಡ ಇರಲಿಲ್ಲ, ಟಿಕ್ ಟಿಕ್ ಎನ್ನುತ್ತದಲ್ಲ ಅದಕ್ಕೆ. ಆ ಕೋಣೆಯಲ್ಲಿ ನಿಂತಾಗ ನನಗೆ ಸಿಟ್ಟು ಬಂತು, ಯಾರ ಮೇಲೆ ಎಂದು ಕೇಳಬೇಡಿ. "ಒಂದು ರೇಡಿಯೋ ಆದ್ರೂ ಇಟ್ಕೊಳ್ಳಿ ಕಿವಿಯಣ್ಣ, ಹೀಗೆ ಹೆಂಗಿರ್ತೀರಿ?" ಎಂದೆ. "ಸಂಜೆ ಅಕ್ಕನ ಜೊತೆ ಮಾತಾಡ್ತೀನಲ್ಲ ತಂಗಿ, ಅಷ್ಟು ಸಾಕು" ಎಂದರು.

ಅಕ್ಕ ಎಂದರೆ ಅವರಿಗೆ ಇದ್ದ ಒಂದೇ ಒಂದು ಜೀವ. ತಂದೆ ತಾಯಿ ಹೋದಾಗ ಇವರು ಇನ್ನೂ ಚಡ್ಡಿ ಹಾಕುವ ವಯಸ್ಸಿನವರು. ಸಾಕಿ ಓದಿಸಿದವಳು ಅವಳು. ಬಸ್ಸಿನಲ್ಲಿ ಹೋದರೆ ಅರ್ಧ ದಿನದ ದೂರದ ಊರು. ಅಲ್ಲಿಯ ಬಸ್ ನಿಲ್ದಾಣದಲ್ಲಿ ಮೈಕು ಹಿಡಿದು ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ಹೊರಡುತ್ತಿದೆ ಎಂದು ಕೂಗಿ ಹೇಳುವ ಕೆಲಸ ಮಾಡಿ ನಿವೃತ್ತಿಯಾಗಿದ್ದಳು. ಮದುವೆ ಅವಳಿಗೂ ಆಗಿರಲಿಲ್ಲ. "ಅವಳ ಗಂಟಲು ಕೇಳಿದ್ರೆ ನಿದ್ದೆ ಹೋದ ಡ್ರೈವರ್ ಎದ್ದು ಕೂರ್ತಿದ್ದ" ಎಂದು ಕಿವಿಯಣ್ಣ ಹೆಮ್ಮೆಯಿಂದ ಹೇಳುತ್ತಿದ್ದರು. ಲೋಕದ ಯಾವ ಗಟ್ಟಿ ಸದ್ದನ್ನೂ ಸಹಿಸದ ಆ ಕಿವಿ ಅಕ್ಕನ ಗಂಟಲನ್ನು ಮಾತ್ರ ಸಹಿಸುತ್ತಿತ್ತು. ಸಹಿಸುವುದೇನು ಬಂತು, ಅದಕ್ಕೇ ಬದುಕಿತ್ತು.

ಈಗ ನನ್ನ ಕೆಲಸದ ಬಗ್ಗೆ ಒಂದಿಷ್ಟು ಹೇಳಲೇಬೇಕು. ಗಾಬರಿಯಾಗಬೇಡಿ, ಲೆಕ್ಕ ಹಾಕಿಸುವುದಿಲ್ಲ. ಫೋನಿನಲ್ಲಿ ಇಬ್ಬರು ಮಾತಾಡುವಾಗ ಒಬ್ಬರು ಮಾತಾಡಿದರೆ ಇನ್ನೊಬ್ಬರು ಸುಮ್ಮನಿರುತ್ತಾರೆ. ನನ್ನಂಥವರ ಗಂಡಂದಿರಂತೂ ಪೂರ್ತಿ ಸುಮ್ಮನಿರುತ್ತಾರೆ. ಸುಮ್ಮನಿದ್ದವರ ಫೋನು ಆ ಮೌನವನ್ನು ಯಾಕೆ ಹೊತ್ತು ಕಳಿಸಬೇಕು? ಬ್ಯಾಟರಿ ದಂಡ, ಗಾಳಿಯಲ್ಲಿ ಜಾಗ ದಂಡ. ಹಾಗಾಗಿ ಪ್ರತಿ ಫೋನಿನೊಳಗೂ ಒಂದು ಕಾವಲು ಇರುತ್ತದೆ. ಕ್ಷಣಕ್ಷಣಕ್ಕೂ ಅದು ಈಗ ಬಂದದ್ದು ಮಾತೋ ಅಲ್ಲವೋ ಎಂದು ನೋಡುತ್ತದೆ. ಮಾತಾದರೆ ಕಳಿಸುತ್ತದೆ, ಅಲ್ಲದಿದ್ದರೆ ಬಾಗಿಲು ಹಾಕುತ್ತದೆ. ಆದರೆ ಬಾಗಿಲು ಹಾಕಿದ ಕೂಡಲೇ ಆ ಕಡೆಯವರಿಗೆ ಸತ್ತ ಮೌನ ಕೇಳಿ, ಲೈನ್ ಕಟ್ಟಾಯಿತೆಂದು "ಹಲೋ ಹಲೋ" ಎಂದು ಬಡಿದುಕೊಳ್ಳಲು ಶುರು ಮಾಡುತ್ತಾರೆ. ಅದಕ್ಕೆಂದು ಕೇಳುವವರ ಫೋನು ತಾನೇ ಒಂದು ಸಣ್ಣ ಸುಂಯ್ ಎನ್ನುವ ಸದ್ದನ್ನು ಹುಟ್ಟಿಸುತ್ತದೆ, ಆ ಕಡೆಯ ಕೋಣೆಯ ಗುಂಯ್‌ಗುಡುವಿಕೆಯಂತೆಯೇ. ನಾವದನ್ನು ಸಮಾಧಾನದ ಸದ್ದು ಎನ್ನುತ್ತೇವೆ. ಕಾವಲನ್ನೂ ಆ ಸದ್ದನ್ನೂ ಬರೆಯುವುದು ನನ್ನ ಕೆಲಸವಾಗಿತ್ತು.

ಹೊಸ ಆವೃತ್ತಿಯನ್ನು ಪರೀಕ್ಷೆ ಮಾಡುವಾಗ ಕಿವಿಯಣ್ಣ ಗುಂಡಿ ಒತ್ತುವುದನ್ನು ನಿಲ್ಲಿಸಿ ಹೊರಗೆ ಬಂದರು. ಮುಖ ಗಂಟಾಗಿತ್ತು. "ಇದೇನಿದು, ಬುಸ್ ಬುಸ್ ಅಂತ ಎಲ್ಲರ ಉಸಿರೂ ಕೇಳ್ತಿದೆ? ನಿಟ್ಟುಸಿರು, ಏದುಸಿರು, ಎಲ್ಲಾನೂ ನಿನ್ನ ಕಾವಲು ಒಳಗೆ ಬಿಡ್ತಿದೆ. ಉಸಿರು ಮಾತಲ್ಲ ತಂಗಿ. ತೆಗೆದುಹಾಕು" ಎಂದರು. ನಾನು ವಾದಿಸಲಿಲ್ಲ. ಮಾತಾಡುವಾಗ ಗಂಟಲು ಕಂಪಿಸುತ್ತದೆ, ಬರೀ ಉಸಿರಿಗೆ ಆ ಕಂಪನ ಇರುವುದಿಲ್ಲ. ಕಂಪನ ಇದ್ದರೆ, ಇಲ್ಲವೇ ಅದರ ಆಸುಪಾಸಿನಲ್ಲಿ ಬಂದರೆ ಮಾತ್ರ ಬಿಡು, ಇಲ್ಲದಿದ್ದರೆ ಗಾಳಿ ಎಂದುಕೋ ಎಂದು ಬರೆದೆ. ಕಿವಿಯಣ್ಣ ಮತ್ತೆ ಕೇಳಿ ಎಲ್ಲಕ್ಕೂ ಐದು ಒತ್ತಿದರು. ಅಷ್ಟು ಐದು ಅವರ ಕೈಯಿಂದ ಬಿದ್ದದ್ದು ಅದೇ ಮೊದಲು. ಮ್ಯಾನೇಜರು ಎಲ್ಲರಿಗೂ ಚಹಾ ತರಿಸಿದರು.

ಹೊಸ ಆವೃತ್ತಿಯನ್ನು ಪೇಟೆಗೆ ಬಿಡುವ ಮುಂಚೆ ನಮ್ಮ ನಮ್ಮ ಮನೆಯವರ ಕೈಯಲ್ಲಿರುವ ಪರೀಕ್ಷೆಯ ಫೋನುಗಳಿಗೆ ಬಿಡುವುದು ನಮ್ಮಲ್ಲಿಯ ಪದ್ಧತಿ. ಕಪ್ಪಗೆ, ಹೆಸರಿಲ್ಲದೆ, ಕರೆ ಮಾಡುವುದು ಬಿಟ್ಟರೆ ಇನ್ನೇನೂ ಬಾರದ ಫೋನುಗಳವು. ನನ್ನ ಅತ್ತೆಯ ಬಳಿ ಒಂದಿದೆ. ಅವರ ಮಾತಿಗೆ ತಡೆಯೊಡ್ಡುವ ಕಾವಲು ಇನ್ನೂ ಹುಟ್ಟಿಲ್ಲ. ಕಿವಿಯಣ್ಣ ಒಂದನ್ನು ಅಕ್ಕನಿಗೆ ಕೊಟ್ಟಿದ್ದರು.

ಆ ದಿನಗಳಲ್ಲೇ ಅಕ್ಕನ ಗಂಟಲಿನಲ್ಲಿ ಒಂದು ಸಣ್ಣ ಗಂಟು ಕಾಣಿಸಿತು. ಕೊಯ್ದು ತೆಗೆಯಬೇಕು ಎಂದರು. "ಸಣ್ಣ ಆಪರೇಷನ್ನು ಕಣೋ, ಸ್ವಲ್ಪ ದಿನ ಪಿಸುಮಾತೇ ಅಂತೆ, ಅಷ್ಟೇ. ಬರೋದಾದ್ರೆ ಬಾ" ಎಂದಳಂತೆ. ಹೊಸ ಆವೃತ್ತಿಯ ಗಡಿಬಿಡಿ, ಇವರು ಹೋಗಲಿಲ್ಲ. ರಜೆ ಕೇಳಿದ್ದರೆ ಸಿಗುತ್ತಿತ್ತು. ಕೇಳಲಿಲ್ಲ. ನಾವೂ "ಹೋಗಿ ಬನ್ನಿ" ಎನ್ನಲಿಲ್ಲ, ನಮಗೆ ಗೊತ್ತೇ ಇರಲಿಲ್ಲ. ಅವರು ತಮ್ಮ ಮನೆಯ ವಿಷಯ ತಾವಾಗಿ ಎತ್ತುವವರಲ್ಲ.

ನನಗೆ ಗೊತ್ತಾದದ್ದು ಎಷ್ಟೋ ವಾರಗಳ ನಂತರ, ಒಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ. ಡಬ್ಬಿ ತೆಗೆದು ಮುಂದಿಟ್ಟುಕೊಂಡು ಕೈ ಹಾಕದೆ ಕೂತಿದ್ದರು.

"ಯಾಕೆ ಕಿವಿಯಣ್ಣ, ಊಟ ಸೇರ್ತಿಲ್ವಾ?"

"ಅಕ್ಕ ಮಾತು ಬಿಟ್ಟಿದ್ದಾಳೆ."

"ಯಾವಾಗಿಂದ?"

"ಆಪರೇಷನ್ ಆದಾಗಿಂದ. ನಾನು ಹೋಗ್ಲಿಲ್ವಲ್ಲ, ಅದಕ್ಕೆ."

ನಾನು ಬಾಯಿ ತೆರೆಯುವಷ್ಟರಲ್ಲಿ ಅವರೇ ಮುಂದುವರಿಸಿದರು. ಚಿಕ್ಕಂದಿನಲ್ಲೂ ಹಾಗೆಯೇ ಅಂತೆ. ಸಿಟ್ಟು ಬಂದರೆ ಅಕ್ಕ ಹೊಡೆಯುತ್ತಿರಲಿಲ್ಲ, ಮಾತು ಬಿಡುತ್ತಿದ್ದಳು. ವಾರಗಟ್ಟಲೆ. ಊಟ ಬಡಿಸುತ್ತಾಳೆ, ಬಟ್ಟೆ ಒಗೆಯುತ್ತಾಳೆ, ಬಾಯಿ ಮಾತ್ರ ಬಿಡುವುದಿಲ್ಲ. ಯಾಕೆ ಮಾತಾಡುವುದಿಲ್ಲ ಎಂದು ಕೇಳಿದರೆ ಇನ್ನಷ್ಟು ದಿನ ಜಾಸ್ತಿಯಾಗುತ್ತಿತ್ತು. ಏನೂ ಆಗಿಲ್ಲವೆಂಬಂತೆ ಇವರು ಮಾತಾಡುತ್ತಲೇ ಹೋಗಬೇಕು. ಒಂದು ದಿನ ಅವಳಾಗಿಯೇ ಕರಗುತ್ತಾಳೆ.

"ಈಗಲೂ ಹಾಗೇ ಮಾಡ್ತಿದ್ದೀನಿ. ದಿನಾ ಸಂಜೆ ಫೋನ್ ಮಾಡ್ತೀನಿ. ಎತ್ತುತ್ತಾಳೆ. ನಾನು ಹೇಳೋದೆಲ್ಲ ಹೇಳ್ತೀನಿ, ಬಸ್ ಸಿಗ್ಲಿಲ್ಲ, ಕರೆಂಟ್ ಹೋಯ್ತು ಅಂತ. ನಡುನಡುವೆ ಅವಳಿಗೆ ಅಂತ ಒಂದಿಷ್ಟು ಜಾಗ ಬಿಡ್ತೀನಿ, ಹ್ಞೂ ಅಂತೀನಿ, 'ಸರಿ ಅಕ್ಕ, ನಿನ್ನಿಷ್ಟ' ಅಂತ ಇಡ್ತೀನಿ. ಮಧ್ಯೆ ಒಂದಷ್ಟು ದಿನ ಫೋನ್ ಆಫ್ ಮಾಡ್ಕೊಂಡಿದ್ಳು. ಅಷ್ಟು ಸಿಟ್ಟು. ಈಗ ಮತ್ತೆ ಎತ್ತುತ್ತಿದ್ದಾಳೆ, ಅದೇ ಪುಣ್ಯ."

"ಎದ್ದು ಹೋಗ್ಬಾರದಾ? ಎದುರಿಗೆ ನಿಂತ್ರೆ ಎಷ್ಟು ಹೊತ್ತು ಸುಮ್ನಿರ್ತಾರೆ?"

"ಅವಳು ಕರೀದೆ ಹೋದ್ರೆ ಬಾಗಿಲು ತೆಗೆಯಲ್ಲ. ನಿಂಗೆ ಗೊತ್ತಿಲ್ಲ ಅವಳ ಹಟ. ಪಿಸುಗುಟ್ಟೋಕಾದ್ರೂ ಆಗುತ್ತಲ್ಲ ತಂಗಿ? 'ಬಾ' ಅಂತ ಒಂದು ಪಿಸುಮಾತು ಅಂದಿದ್ರೆ ಓಡಿಹೋಗ್ತಿದ್ದೆ. ಅದನ್ನೂ ಅನ್ನಲ್ಲ ಅವಳು."

ಪಿಸುಮಾತು ಎಂದ ಕೂಡಲೇ ನನಗೆ ನಾನು ಬರೆದ ಕಾವಲು ನೆನಪಾಯಿತು. ಪಿಸುಗುಟ್ಟುವಾಗ ಗಂಟಲು ಕಂಪಿಸುವುದಿಲ್ಲ. ಬರೀ ಉಸಿರೇ ಮಾತಾಗುವುದು. ತಕ್ಷಣ ಹೇಳಲು ನನಗೇ ಧೈರ್ಯ ಬರಲಿಲ್ಲ, ನಾನೇ ತಪ್ಪು ತಿಳಿದಿರಬಹುದು ಎಂದುಕೊಂಡೆ. "ಈಗೊಂದ್ಸಲ ಮಾಡಿ. ಸ್ಪೀಕರ್ ಹಾಕಿ" ಎಂದೆ.

ಅವರು ಮಾಡಿದರು. ಆ ಕಡೆ ಎತ್ತಿದರು. ಸುಂಯ್ ಎಂದು ಸಣ್ಣ ಸದ್ದು. "ಕೇಳಿಸ್ತಾ? ಅವಳ ಮನೆ ಸದ್ದು. ಹಾಲ್‌ನಲ್ಲಿ ಕೂತಿದ್ದಾಳೆ, ಫ್ಯಾನ್ ಓಡ್ತಿದೆ" ಎಂದು ನನ್ನ ಕಡೆ ಬಾಗಿ ಹೇಳಿದರು. ಹಾಗೆನ್ನುವಾಗ ಅವರ ಮುಖ ಎಷ್ಟು ಮೃದುವಾಗಿತ್ತು ಎಂದರೆ ನನಗೆ ನೋಡಲಾಗಲಿಲ್ಲ. ಆಮೇಲೆ ಫೋನಿಗೆ, "ಅಕ್ಕಾ, ಇವತ್ತು ಬಿಸಿಲು ಜಾಸ್ತಿ. ಊಟ ಮಾಡ್ತಿದ್ದೆ, ನಿನ್ನ ನೆನಪಾಯ್ತು" ಎಂದರು. ಸುಮ್ಮನಾದರು. ಹ್ಞೂ ಎಂದರು. ನಾನು ಆ ಸದ್ದನ್ನು ಕೇಳುತ್ತಾ ಕೂತೆ. ಅದು ಯಾರ ಮನೆಯ ಸದ್ದೂ ಅಲ್ಲ. ಅದನ್ನು ಹೆತ್ತವಳು ನಾನು. ಜೀವ ಇರುವ ಮನೆಯಲ್ಲಿ ಒಂದು ಕಾಗೆ ಕೂಗುತ್ತದೆ, ಪಾತ್ರೆ ತಗುಲುತ್ತದೆ, ಕುರ್ಚಿ ಕಿರುಗುಟ್ಟುತ್ತದೆ. ಇದರಲ್ಲಿ ಏನೂ ಇರಲಿಲ್ಲ, ಸೋಸಿ ಬಿಟ್ಟ ನೀರಿನ ಹಾಗೆ ಒಂದೇ ಸಮನೆ ಹರಿಯುತ್ತಿತ್ತು. ಬೇರೆ ಯಾರದೇ ಫೋನಾಗಿದ್ದರೂ ಕಿವಿಯಣ್ಣ ಅರೆಗಳಿಗೆಯಲ್ಲಿ ಹಿಡಿಯುತ್ತಿದ್ದರು. ಅಕ್ಕನ ಮುಂದೆ ಅವರು ಬರೀ ತಮ್ಮನಾಗಿದ್ದರು, ಅಷ್ಟೇ.

ಕರೆ ಮುಗಿಸಿದ ಮೇಲೆ ಅವರನ್ನು ಕೇಳುವ ಕೋಣೆಯೊಳಗೆ ಕೂರಿಸಿ ಬಾಗಿಲು ಹಾಕಿದೆ. ಗಾಜಿನ ಈಚೆ ನಿಂತು ಹೊಸ ಆವೃತ್ತಿಯ ಒಂದು ಫೋನಿನಿಂದ ಅವರಿಗೆ ಕರೆ ಮಾಡಿದೆ. ಮೊದಲು ಗಟ್ಟಿಯಾಗಿ, "ಕಿವಿಯಣ್ಣ, ಕೇಳಿಸ್ತಿದೆಯಾ?" ಎಂದೆ. ತಲೆ ಆಡಿಸಿದರು. ಆಮೇಲೆ ಪಿಸುಗುಟ್ಟಿದೆ. ಏನು ಪಿಸುಗುಟ್ಟಿದೆ ಎಂದು ನೆನಪಿಲ್ಲ. ಮ್ಯಾನೇಜರನ್ನೋ, ನನ್ನನ್ನೋ, ಯಾರನ್ನೋ ಚೆನ್ನಾಗಿ ಬೈದೆ. ಗಾಜಿನ ಆಚೆ ಅವರು ಫೋನು ಕಿವಿಗೆ ಒತ್ತಿಕೊಂಡು ನನ್ನ ತುಟಿ ನೋಡುತ್ತಿದ್ದರು. ತುಟಿ ಆಡುತ್ತಿದೆ, ಕಿವಿಯಲ್ಲಿ ಬರೀ ಸುಂಯ್. ಥಟ್ಟನೆ ಎದ್ದು ನಿಂತರು, ಬಾಗಿಲ ಹಿಡಿ ಯಾವ ಕಡೆಗಿದೆ ಎಂಬುದೇ ಅವರಿಗೆ ಮರೆತುಹೋಗಿತ್ತು. ನಾನೇ ತೆಗೆದೆ.

"ಮಾತಾಡ್ತಿದ್ಳು" ಎಂದರು. "ಅಯ್ಯೋ, ಮಾತಾಡ್ತಿದ್ಳು ಅವಳು."

ಹಳೆಯ ಆವೃತ್ತಿಯ ಒಂದು ಫೋನು ಚೀಲಕ್ಕೆ ಹಾಕಿಕೊಂಡು ನಾನೂ ಹೊರಟೆ. ಮ್ಯಾನೇಜರು ಏನೋ ಕೇಳಲು ಬಂದರು. ನಾನು ನೋಡಿದ ನೋಟಕ್ಕೆ ಹಿಂದಕ್ಕೆ ಸರಿದರು. ಮನೆಗೆ ಫೋನು ಮಾಡಿ ಬರುವುದು ನಾಳೆಯಾಗುತ್ತದೆ ಎಂದರೆ, ಅತ್ತೆ ಯಾವತ್ತೂ ಇಲ್ಲದ ಹಾಗೆ ಒಂದೇ ಮಾತಿನಲ್ಲಿ "ಹೋಗ್ಬಾ" ಎಂದರು. ಕಿವಿಯಣ್ಣನನ್ನು ಒಬ್ಬರನ್ನೇ ಬಸ್ಸು ಹತ್ತಿಸಲು ನನಗೆ ಮನಸ್ಸಾಗಲಿಲ್ಲ. ಬಸ್ಸು ಹೊರಡುವ ಮುಂಚೆ ಅವರು ಅಕ್ಕನಿಗೆ ಕರೆ ಮಾಡಿದರು. "ಅಕ್ಕಾ, ಬರ್ತಿದ್ದೀನಿ. ರಾತ್ರಿ ಹೊತ್ತಿಗೆ ಅಲ್ಲಿರ್ತೀನಿ" ಎಂದಷ್ಟೇ ಹೇಳಿದರು. ಆ ಕಡೆಯಿಂದ ಮತ್ತೆ ಅದೇ ಸದ್ದು. ಈ ಸಲ ಅವರು ಅದನ್ನು ಕೇಳಿಸಿಕೊಳ್ಳಲಾರದೆ ಫೋನನ್ನು ಕಿವಿಯಿಂದ ದೂರ ಹಿಡಿದರು.

ದಾರಿಯಲ್ಲಿ ಒಂದು ಕಡೆ ಬಸ್ಸು ನಿಂತಾಗ ಇದ್ದಕ್ಕಿದ್ದ ಹಾಗೆ, "ಅವಳು ಏನೇನು ಹೇಳಿರ್ತಾಳೆ ತಂಗಿ?" ಎಂದರು.

"ಎಲ್ಲ ಮತ್ತೆ ಹೇಳಿಸಿದ್ರಾಯ್ತು ಬಿಡಿ. ನನ್ನ ಹತ್ರ ಹಳೇ ಫೋನಿದೆ, ನಾಳೆಯಿಂದ ಪಿಸುಮಾತೂ ಚೆನ್ನಾಗಿ ಕೇಳುತ್ತೆ."

"ಬೈದಿರ್ತಾಳೆ. ಚೆನ್ನಾಗಿ ಬೈಸ್ಕೋಬೇಕು" ಎಂದು ಸ್ವಲ್ಪ ನಕ್ಕರು. ಆ ನಗುವನ್ನು ನೆನೆಸಿಕೊಂಡರೆ ನನಗೆ ಈಗಲೂ ಸಂಕಟವಾಗುತ್ತದೆ.

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಸಾಲು ಮನೆಗಳು. ಬಾಗಿಲು ತೆರೆದದ್ದು ಅಕ್ಕನಲ್ಲ, ಪಕ್ಕದ ಮನೆಯಾಕೆ. ಕಿವಿಯಣ್ಣನನ್ನು ಮೇಲಿಂದ ಕೆಳಗೆ ನೋಡಿದಳು. "ಬಂದ್ರಾ? ಈಗ ಪುರುಸೊತ್ತಾಯ್ತಾ?" ಎಂದಳು. ಅಪರಿಚಿತರನ್ನು ಹಾಗೆ ಕೇಳುವ ಅಧಿಕಾರ ಇವಳಿಗೆಲ್ಲಿಂದ ಬಂತು ಎಂದು ನನಗೆ ರೇಗಿತು. ಒಳಗೆ ಹೋದ ಮೇಲೆ ತಿಳಿಯಿತು.

ಅಕ್ಕ ಕಿಟಕಿಯ ಪಕ್ಕದ ಕುರ್ಚಿಯಿಂದ ಏಳುತ್ತಿದ್ದಳು. ಎತ್ತರದ ಹೆಂಗಸು, ಈಗ ಬಡಕಲಾಗಿದ್ದಳು. ಕತ್ತಿಗೆ ತೆಳುವಾದ ಬಿಳಿಯ ಬಟ್ಟೆ. ತಮ್ಮನನ್ನು ನೋಡಿ ತುಟಿ ಆಡಿಸಿದಳು. ಕಿವಿಯಣ್ಣ ದಡದಡ ಹೋಗಿ ಬಾಗಿ ತಮ್ಮ ಕಿವಿಯನ್ನು ಅವಳ ಬಾಯಿಯ ಹತ್ತಿರಕ್ಕೆ ಒಯ್ದರು. "ಹೇಳಕ್ಕಾ, ಹೇಳು, ಈಗ ಕೇಳುತ್ತೆ" ಎಂದರು. ತುಟಿ ಆಡಿತು. ಕಿವಿಯಣ್ಣ ಕಣ್ಣು ಮುಚ್ಚಿ ಕಾದರು. ಬಾಯಿಂದ ಉಸಿರು ಕೂಡ ಬರಲಿಲ್ಲ. ಉಸಿರು ಬರುತ್ತಿದ್ದದ್ದು ಕತ್ತಿನ ಬಟ್ಟೆಯ ಹಿಂದಿನಿಂದ. ಬಟ್ಟೆಯ ಅಂಚು ಅಲ್ಲಿ ಸಣ್ಣಗೆ ಏಳುತ್ತಿತ್ತು, ಬೀಳುತ್ತಿತ್ತು.

"ಅಲ್ಲೇನೂ ಕೇಳಲ್ಲ" ಎಂದಳು ಪಕ್ಕದ ಮನೆಯಾಕೆ. "ಕಿವಿ ಕೊಟ್ರೆ ಬರಲ್ಲ. ಮುಖ ನೋಡ್ಬೇಕು."

ಕಿವಿಯಣ್ಣ ನಿಧಾನಕ್ಕೆ ನೆಟ್ಟಗಾದರು. "ಏನಾಯ್ತು?"

"ಏನಾಯ್ತು ಅಂತ ನನ್ನನ್ನ ಕೇಳ್ತೀರಾ? ನಿಮಗೇ ಹೇಳಿದ್ರಲ್ಲ ಫೋನಲ್ಲಿ. ನಾನು ಇಲ್ಲೇ, ಈ ಸ್ಟೂಲ್ ಮೇಲೆ ಕೂತಿದ್ದೆ. ಗಂಟು ಮತ್ತೆ ಬಂದಿದೆ, ಈ ಸಲ ಧ್ವನಿಪೆಟ್ಟಿಗೆ ಪೂರ್ತಿ ತೆಗೀಬೇಕಂತೆ, ಆಮೇಲೆ ಈ ಪಿಸುಮಾತೂ ಇರಲ್ಲ, ಮಾಡಿಸ್ಕೊಳ್ಲಾ ಬೇಡ್ವಾ ನೀನೇ ಹೇಳು, ಬಂದು ಪಕ್ಕದಲ್ಲಿರ್ತೀಯಾ ಅಂತ. ಒಂದ್ಸಲ ಅಲ್ಲ, ತಿರುಗಿ ತಿರುಗಿ ಕೇಳಿದ್ರು. ಪಿಸುಮಾತಲ್ಲಿ ಅಷ್ಟು ಹೇಳೋಕೆ ಅವರಿಗೆ ಎಷ್ಟು ಕಷ್ಟ ಆಯ್ತು ಅಂತ ನಾನು ನೋಡಿದೀನಿ. ಫೋನ್ ಇಟ್ಮೇಲೆ, ಏನಂದ್ರು ನಿಮ್ಮ ತಮ್ಮ ಅಂತ ಕೇಳ್ದೆ." ಅವಳ ದನಿ ನಡುಗಿತು, ಸಿಟ್ಟಿಗೆ. "'ಸರಿ ಅಕ್ಕ, ನಿನ್ನಿಷ್ಟ ಅಂದ. ಅಲ್ಲಿ ಕರೆಂಟ್ ಹೋಗಿತ್ತಂತೆ, ಬ್ರೆಡ್ ತಿಂದು ಮಲಗ್ತಾನಂತೆ' ಅಂದ್ರು. ಮಾರನೇ ದಿನ ಒಬ್ರೇ ಹೋಗಿ ಸಹಿ ಹಾಕಿ ಬಂದ್ರು."

ಕೋಣೆಯಲ್ಲಿ ಫ್ಯಾನಿನ ಸದ್ದು ಇತ್ತು. ಹೊರಗೆ ಯಾವುದೋ ಬಸ್ಸು ಹಿಂದಕ್ಕೆ ಬರುತ್ತಿತ್ತು. ನಾನು, ಎಲ್ಲಿ ಹೋದರೂ ಬಾಯಿ ಹಾಕುವ ನಾನು, ಚೀಲವನ್ನು ಅಪ್ಪಿಕೊಂಡು ಬಾಗಿಲಲ್ಲಿ ನಿಂತೇ ಇದ್ದೆ. ಚೀಲದೊಳಗಿದ್ದ ಹಳೆಯ ಫೋನು ಇನ್ನು ಯಾವ ಕೆಲಸಕ್ಕೂ ಬರುವುದಿಲ್ಲ ಎಂದು ಗೊತ್ತಾಯಿತು.

ಕಿವಿಯಣ್ಣ ನೆಲದ ಮೇಲೆ ಕೂತುಬಿಟ್ಟರು, ಅಕ್ಕನ ಕುರ್ಚಿಯ ಮುಂದೆ, ಸಣ್ಣ ಮಕ್ಕಳು ಕೂರುವ ಹಾಗೆ. "ಅಕ್ಕಾ, ನಂಗೆ ಕೇಳಿಸ್ಲಿಲ್ಲ" ಎಂದರು. "ದೇವರಾಣೆ ಕೇಳಿಸ್ಲಿಲ್ಲ. ನೀನು ಸಿಟ್ಟು ಮಾಡ್ಕೊಂಡು ಮಾತು ಬಿಟ್ಟಿದ್ದೀಯ ಅಂದ್ಕೊಂಡಿದ್ದೆ. ನಿನ್ನಿಷ್ಟ ಅಂದಿದ್ದು ಅದಕ್ಕೆ, ಸಿಟ್ಟು ಮಾಡ್ಕೊಳ್ಳೋದಾದ್ರೆ ಮಾಡ್ಕೋ ಅಂತ. ಆ ಫೋನು ಪಿಸುಮಾತನ್ನ ಕಳಿಸ್ತಾನೇ ಇರಲಿಲ್ಲ ಅಕ್ಕಾ, ಗಾಳಿ ಅಂತ ಬಿಟ್ಟುಬಿಡ್ತಿತ್ತು. ಹಾಗೆ ಮಾಡಿ ಅಂದವನು ನಾನೇ. ಉಸಿರು ಮಾತಲ್ಲ, ತೆಗೆದುಹಾಕಿ ಅಂತ ನಾನೇ ಹೇಳಿದ್ದೆ." ಆಮೇಲೆ ಅತ್ತರು. ಆ ಮನುಷ್ಯ ಗಟ್ಟಿಯಾಗಿ ಸದ್ದು ಮಾಡಿದ್ದನ್ನು ನಾನು ಅವತ್ತೇ ಮೊದಲು ಕೇಳಿದ್ದು.

ಅಕ್ಕ ಅವರ ಗದ್ದ ಹಿಡಿದು ಮುಖ ಮೇಲೆತ್ತಿದಳು. ಏನೋ ಕೇಳಿದಳು. ಕಿವಿಯಣ್ಣ ಆ ತುಟಿಗಳನ್ನೇ ನೋಡಿದರು, ತಿಳಿಯಲಿಲ್ಲ, ತಲೆ ಅಲ್ಲಾಡಿಸಿದರು. ಅವಳು ಮತ್ತೆ ಕೇಳಿದಳು, ನಿಧಾನವಾಗಿ. ಅವರು ಪಕ್ಕದ ಮನೆಯಾಕೆಯ ಕಡೆ ತಿರುಗಿದರು.

"'ನಿಜವಾಗ್ಲೂ ಒಂದು ಮಾತೂ ಕೇಳಿಸ್ಲಿಲ್ವಾ?' ಅಂತಿದ್ದಾರೆ."

"ಇಲ್ಲಕ್ಕಾ. ಒಂದೂ ಇಲ್ಲ."

ಅಕ್ಕ ಕಣ್ಣು ಮುಚ್ಚಿದಳು. ಎರಡೂ ಕಣ್ಣಿಂದ ನೀರಿಳಿಯಿತು, ಆದರೆ ಮುಖದ ಬಿಗಿ ಸಡಿಲವಾಗುತ್ತಿತ್ತು. ತಮ್ಮನ ತಲೆಯ ಮೇಲೆ ಕೈಯಿಟ್ಟು, ಅವರಿಗೆ ಅರ್ಥವಾಗುತ್ತದೋ ಇಲ್ಲವೋ ಎಂದು ನೋಡದೆ, ತುಟಿ ಆಡಿಸುತ್ತಾ ಹೋದಳು. ಪಕ್ಕದ ಮನೆಯಾಕೆ ಹತ್ತಿರ ಬಂದು ನಿಂತಳು. ಅವಳ ದನಿಯಲ್ಲಿದ್ದ ಸಿಟ್ಟು ಹೋಗಿತ್ತು.

"'ಸದ್ಯ' ಅಂತಿದ್ದಾರೆ. 'ಸದ್ಯ ಕಣೋ. ನೀನು ಕೇಳಿಸ್ಕೊಂಡೂ ಹಾಗಂದೆ ಅಂದ್ಕೊಂಡೇ ಹೋಗಿ ಆಪರೇಷನ್ ಟೇಬಲ್ ಮೇಲೆ ಮಲ್ಕೊಂಡಿದ್ದೆ' ಅಂತಿದ್ದಾರೆ."